ಕುಂಟೋ ಬೆಕ್ಕಿಗೆ ನಿಮ್ಮ ಅರ್ಧ ಮಾತ್ರೆ ಪ್ರೀತಿ ಬೇಡ

1/10
ಬೆಕ್ಕು ಅಡ್ಡ ಬಂದ್ರೆ ಗಾಡಿ ನಿಲ್ಲಿಸ್ತೀವಿ. ನಮಗಿಂತ ಮೊದಲು ಇನ್ಯಾರಾದ್ರೂ ದಾಟಲಿ ಅಂತ ಕಾಯ್ತೀವಿ. ಅದೇ ಬೆಕ್ಕು ಮೂರು ಕಾಲಲ್ಲಿ ಕುಂಟ್ಕೊಂಡು ಅಡ್ಡ ಬಂದ್ರೆ? ಫೋನ್ ಹೊರಗೆ ಬರುತ್ತೆ. ಹತ್ತು ಸೆಕೆಂಡ್ ವಿಡಿಯೋ, ಹಿಂದೆ ಒಂದು ಅಳುಮುಂಜಿ ಹಾಡು, "ಪಾಪ ಕಣ್ರೋ" ಅಂತ ಒಂದು ಸಾಲು. ನಮ್ಮ ಸ್ಟೋರಿ ಮುಗೀತು. ಬೆಕ್ಕಿನ ಕಥೆ ಇನ್ನೂ ಅಲ್ಲೇ ಕುಂಟ್ತಾ ಇದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಗಾದೆನ ಈಗ ತಿದ್ದಬೇಕು. ನಮಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ.

ಹೋದ ತಿಂಗಳು ನಮ್ಮ ಹಾಸ್ಟೆಲ್ ಮೆಸ್ಸಿನ ಬೂದು ಬೆಕ್ಕಿಗೆ ಹಿಂಗಾಲು ಉಳುಕಿದೆ ಅಂತ ಇಲ್ಲಿ ಹಾಕಿದ್ದೆ. ಕ್ಲಾಸ್ ಗ್ರೂಪಲ್ಲಿ, ಡಿಎಂನಲ್ಲಿ ಸಲಹೆಗಳ ಸುರಿಮಳೆ. ಎಲ್ಲಾ ಓದಿ ವಿಂಗಡಿಸಿದ್ರೆ ಉಳಿದಿದ್ದು ಎರಡೇ ಪಾರ್ಟಿ.

ಮಾತ್ರೆ ಪಾರ್ಟಿ: "ಅರ್ಧ ಪ್ಯಾರಾಸಿಟಮಾಲ್ ಹಾಲಲ್ಲಿ ಕಲಸಿ ಕೊಡು." "ಬಾಮ್ ಹಚ್ಚು." "ಎಣ್ಣೆ ಹಾಕಿ ಚೆನ್ನಾಗಿ ತಿಕ್ಕು."

ಬಿಟ್ಬಿಡು ಪಾರ್ಟಿ: "ಬೆಕ್ಕಿಗೆ ಒಂಬತ್ತು ಜೀವ ಮಗಾ, ತಾನೇ ಸರಿ ಹೋಗುತ್ತೆ." "ಪ್ರಾಣಿಗಳಿಗೆ ಪ್ರಕೃತಿನೇ ಡಾಕ್ಟರ್."

ನೋಡೋಕೆ ಇಬ್ಬರೂ ಆಳುವ ಪಕ್ಷ, ವಿರೋಧ ಪಕ್ಷದ ಥರ. ಆದ್ರೆ ಇಬ್ಬರ ಪ್ರಣಾಳಿಕೆ ಒಂದೇ: ಐದು ನಿಮಿಷದಲ್ಲಿ ವಿಷಯ ಮುಗಿಸಿ ನಮ್ಮ ಪಾಡಿಗೆ ನಾವು ಹೋಗೋದು. ಒಬ್ಬ ಮಾತ್ರೆ ಕೊಟ್ಟು ಕೈ ತೊಳ್ಕೋತಾನೆ, ಇನ್ನೊಬ್ಬ ಏನೂ ಕೊಡದೇ ಕೈ ತೊಳ್ಕೋತಾನೆ.

ಉಳುಕಿದ ಬೆಕ್ಕಿಗೆ ಬೇಕಿರೋದು ಒಬ್ಬ ಪಶುವೈದ್ಯರು, ಒಂದು ಮುಚ್ಚಿದ ಬಾಗಿಲು, ಮತ್ತೆ ಒಂದೆರಡು ವಾರ ದಿನಾ ಅದನ್ನ ಗಮನಿಸೋ ಒಬ್ಬ ಮನುಷ್ಯ. ಇಷ್ಟೇ. ಕೇಳೋಕೆ ಬೋರ್ ಅನ್ಸುತ್ತೆ ಅಲ್ವಾ? ಈ ಹತ್ತು ಕ್ಯಾಪ್ಷನ್‌ಗಳಲ್ಲಿ ನನ್ನ ಜಗಳ ಆ ಬೋರ್ ಕೆಲಸದ ಪರವಾಗಿ. ಮುಂದಿನದಕ್ಕೆ ಸ್ವೈಪ್ ಮಾಡಿ.

#ಕುಂಟೋಬೆಕ್ಕು #ಅರ್ಧಮಾತ್ರೆ

2/10
ಮೊದಲು ಮಾತ್ರೆ ಪಾರ್ಟಿ. ಯಾಕಂದ್ರೆ ಇವರ ಪ್ರೀತಿಗೆ ಬೆಕ್ಕು ಸಾಯುತ್ತೆ. ಉತ್ಪ್ರೇಕ್ಷೆ ಅನ್ಕೊಂಡ್ರೆ ಲೆಕ್ಕ ಹಾಕೋಣ ಬನ್ನಿ.

60 ಕೆಜಿ ತೂಕದ ನೀವು 650ರ ಒಂದು ಪ್ಯಾರಾಸಿಟಮಾಲ್ ನುಂಗಿದ್ರೆ, ದೇಹದ ಪ್ರತಿ ಕೆಜಿಗೆ ಸುಮಾರು 11 ಮಿಲಿಗ್ರಾಂ. 4 ಕೆಜಿ ಬೆಕ್ಕಿಗೆ ಅದೇ ಮಾತ್ರೆಯಲ್ಲಿ "ಬರೀ ಅರ್ಧ" ಕೊಟ್ರೆ ಪ್ರತಿ ಕೆಜಿಗೆ ಸುಮಾರು 81 ಮಿಲಿಗ್ರಾಂ. ಅಂದ್ರೆ ಅರ್ಧ ಅಂತ ಕೊಟ್ಟಿದ್ದು ನಿಮಗಿಂತ ಏಳು ಪಟ್ಟು ಜಾಸ್ತಿ ಆಯ್ತು. ಬೆಕ್ಕುಗಳಲ್ಲಿ ಕೆಜಿಗೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣಕ್ಕೂ ವಿಷದ ಲಕ್ಷಣ ಕಾಣಿಸಿಕೊಂಡಿದ್ದು ದಾಖಲಾಗಿದೆ.

"ಹಾಗಾದ್ರೆ ಕಾಲು ಭಾಗ? ಒಂದು ಚೂರು?" ಬೇಡ. ಇಲ್ಲಿ ತೊಂದರೆ ಬರೀ ಅಳತೆದಲ್ಲ, ಬೆಕ್ಕಿನ ದೇಹದ ವ್ಯವಸ್ಥೆನೇ ಬೇರೆ. ನಮ್ಮ ಲಿವರ್ ಈ ಔಷಧಿಯ ಬಹುಪಾಲನ್ನ ಬೇರೆ ಅಣುಗಳ ಜೊತೆ ಕಟ್ಟಿ, ನಿರಪಾಯ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಆ ಕಟ್ಟೋ ಕೆಲಸಕ್ಕೆ ಬೇಕಾದ ಮುಖ್ಯ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡಲ್ಲ. ಹೊರಗೆ ಹೋಗಬೇಕಾದ್ದು ಒಳಗೇ ಉಳಿದು ವಿಷವಾಗುತ್ತೆ. ಆ ವಿಷ ಕೆಂಪು ರಕ್ತಕಣಗಳಿಗೆ ಬಡಿಯುತ್ತೆ. ಹಿಮೋಗ್ಲೋಬಿನ್ ಇದ್ರೂ ಅದು ಆಮ್ಲಜನಕ ಹೊರೋ ಸ್ಥಿತಿಯಲ್ಲಿ ಇರಲ್ಲ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತೆ.

ಕೆಲವೇ ಗಂಟೆಗಳಲ್ಲಿ ಏನೇನು ಕಾಣಬಹುದು: ಒಸಡು ಕಂದು ಅಥವಾ ನೀಲಿ, ಮುಖ ಮತ್ತು ಪಾದಗಳಲ್ಲಿ ಊತ, ಜೊಲ್ಲು, ವಾಂತಿ, ಏದುಸಿರು, ಮೂತ್ರ ಕಪ್ಪು. ಉಳುಕಿದ್ದ ಕಾಲಿಗೆ ಮದ್ದು ಕೊಡೋಕೆ ಹೋಗಿ ಉಸಿರೇ ನಿಲ್ಲಿಸಿದ ಹಾಗೆ.

ಯಾರಾದ್ರೂ ಈಗಾಗ್ಲೇ ಕೊಟ್ಟಿದ್ರೆ? ಲಕ್ಷಣ ಬರಲಿ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಸಾಹಸವೂ ಬೇಡ. ಮಾತ್ರೆಯ ಸ್ಟ್ರಿಪ್ ಕೈಲಿ ಹಿಡ್ಕೊಂಡು, ಎಷ್ಟು ಗಂಟೆಗೆ ಎಷ್ಟು ಕೊಟ್ರು ಅಂತ ಬರ್ಕೊಂಡು, ಸೀದಾ ಪಶು ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷ ಇದೆ, ಎನ್-ಅಸಿಟೈಲ್‌ಸಿಸ್ಟೀನ್ ಅಂತ. ಬೇಗ ಸಿಕ್ಕಷ್ಟೂ ಬದುಕೋ ಸಾಧ್ಯತೆ ಜಾಸ್ತಿ.

3/10
"ಪ್ಯಾರಾಸಿಟಮಾಲ್ ಬೇಡ, ಬೇರೆ ಕೊಡ್ತೀನಿ ಬಿಡು" ಅನ್ನೋರಿಗೆ.

ಐಬುಪ್ರೊಫೆನ್, ಡೈಕ್ಲೋಫೆನಾಕ್: ಬೆಕ್ಕಿನ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಹೊಡೆತ. ನಾವು ಕ್ರಿಕೆಟ್ ಆಡಿ ಮಂಡಿ ನೋವು ಅಂತ ನುಂಗೋದನ್ನ ಅದಕ್ಕೆ ತಿನ್ನಿಸೋ ಹಾಗಿಲ್ಲ.

ನೋವಿನ ಜೆಲ್, ಬಾಮ್: "ಮೇಲೆ ಹಚ್ಚೋದು ತಾನೇ?" ಬೆಕ್ಕು ದಿನದ ಎಷ್ಟೋ ಹೊತ್ತು ಮೈ ನೆಕ್ಕೋದ್ರಲ್ಲೇ ಕಳೆಯುತ್ತೆ ಅನ್ನೋದು ಯಾವ ಬೆಕ್ಕು ಸಾಕಿದೋರಿಗೆ ಗೊತ್ತಿಲ್ಲ? ಅದರ ವಿಷಯದಲ್ಲಿ ಮೇಲೆ ಹಚ್ಚೋದು ಅಂದ್ರೆ ಬಾಯಿಗೆ ಹಾಕೋದು ಅಂತಲೇ ಅರ್ಥ. ಬಾಮ್‌ಗಳಲ್ಲಿರೋ ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್ ಎರಡೂ ಬೆಕ್ಕಿಗೆ ಆಗಲ್ಲ.

ನೀರಿಗೆ ಹಾಕಿದ್ರೆ ಹಾಲಿನ ಥರ ಬೆಳ್ಳಗಾಗೋ ಆಂಟಿಸೆಪ್ಟಿಕ್, ನೆಲ ಒರೆಸೋ ಫಿನೈಲ್: ಇವೂ ಅಷ್ಟೇ. ಹತ್ತಿರ ತರಬೇಡಿ.

ಅರಿಶಿನ: ಉಳುಕು ಇರೋದು ಚರ್ಮದ ಒಳಗೆ. ಹೊರಗೆ ಅರಿಶಿನ ಮೆತ್ತಿದ್ರೆ ಸಿಗೋದು ಹಳದಿ ಬೆಕ್ಕು, ಅಷ್ಟೇ.

ಒಂದು ಜೀವಕ್ಕೆ ಔಷಧಿ ಆಗಿದ್ದು ಇನ್ನೊಂದಕ್ಕೆ ವಿಷ ಆಗಬಹುದು ಅನ್ನೋದಕ್ಕೆ ನಮ್ಮ ದೇಶಕ್ಕೆ ತುಂಬ ದುಬಾರಿ ಪಾಠ ಆಗಿದೆ. ದನಗಳ ನೋವಿಗೆ ಅಂತ ಡೈಕ್ಲೋಫೆನಾಕ್ ಕೊಡ್ತಿದ್ರು. ಆ ದನ ಸತ್ತಾಗ ಅದನ್ನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಹಿಂಡುಹಿಂಡೇ ಸತ್ತವು. ದನದ ಮೈಗೆ ಒಗ್ಗಿದ ಔಷಧಿ ಹದ್ದಿನ ಸಂತತಿನೇ ಅಳಿಸೋ ಹಂತಕ್ಕೆ ತಂತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಈ ಔಷಧಿ ಬಳಸೋದನ್ನ ನಿಷೇಧಿಸ್ತು. ನಮ್ಮ ರಾಮನಗರದ ರಾಮದೇವರ ಬೆಟ್ಟಕ್ಕೆ ಟ್ರಿಪ್ ಹೋಗಿ "ಶೋಲೆ ಜಾಗ" ಅಂತ ಸೆಲ್ಫಿ ತೆಗೀತೀರಲ್ಲ, ಆ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಮುಂದಿನ ಸಲ ಹೋದಾಗ ಸ್ವಲ್ಪ ಮೇಲೂ ನೋಡಿ.

ಹದ್ದಿಗೆ ಆದ ಗತಿ ನೋಡಿದ ಮೇಲೂ "ಮನುಷ್ಯರಿಗೆ ಆಗುತ್ತೆ, ಬೆಕ್ಕಿಗೂ ಆಗುತ್ತೆ" ಅನ್ನೋದು ಪ್ರೀತಿ ಅಲ್ಲ ಗುರು. ಸೋಮಾರಿತನ.

ಅಂದಹಾಗೆ, ಬೆಕ್ಕಿಗೆ ಕೊಡಬಹುದಾದ ನೋವಿನ ಔಷಧಿಗಳು ಇವೆ. ಅದರ ಹೆಸರು, ಅಳತೆ ಯಾವುದನ್ನೂ ಈ ಸರಣಿಯಲ್ಲಿ ಬೇಕಂತಲೇ ಬರೀತಿಲ್ಲ. ಅದನ್ನ ಹೇಳಬೇಕಾದೋರು ಬೆಕ್ಕನ್ನ ತೂಕ ಮಾಡಿ, ಮುಟ್ಟಿ ನೋಡಿದ ಪಶುವೈದ್ಯರು. ಅವರು ಮೂರು ದಿನ ಅಂದ್ರೆ ಮೂರೇ ದಿನ. "ಚೆನ್ನಾಗಿ ಕೆಲಸ ಮಾಡ್ತು" ಅಂತ ನಾಲ್ಕನೇ ದಿನ ಎಳೆಯಬೇಡಿ.

4/10
ಈಗ ಬಿಟ್ಬಿಡು ಪಾರ್ಟಿ ಕಡೆ ತಿರುಗೋಣ. ಮಾತ್ರೆ ಪಾರ್ಟಿಗೆ ಬೈದಾಗ ನೀವು ಲೈಕ್ ಒತ್ತಿದ್ದು ನೋಡಿದೀನಿ.

"ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತೆ." ಹೌದು, ಬಹಳ ಸಲ ನಿಲ್ಲುತ್ತೆ. ನಿಂತ ಕಾಲಿಗೆ ಏನಾಗುತ್ತೆ ಅಂತ ಕೇಳಿದೀರಾ? ಇದಕ್ಕೆ ಎಲ್ಲರೂ ತೋರಿಸೋದು ನ್ಯೂಯಾರ್ಕಿನ ಒಂದು ಅಧ್ಯಯನ. ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾಗಿದ್ದು. ಅದರಲ್ಲಿ ಶೇಕಡಾ 90 ಬದುಕಿದ್ವು ಅಂತ ರೀಲ್ಸಲ್ಲಿ ಹೇಳ್ತಾರೆ. ಪೂರ್ತಿ ವಾಕ್ಯ ಏನಂದ್ರೆ, ಚಿಕಿತ್ಸೆ ಸಿಕ್ಕಿದ ಬೆಕ್ಕುಗಳಲ್ಲಿ ಶೇಕಡಾ 90. ಹೆಚ್ಚಿನವುಗಳ ಎದೆಗೆ ಪೆಟ್ಟಾಗಿತ್ತು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನ ಯಾರೂ ಆಸ್ಪತ್ರೆಗೆ ತರಲ್ಲ, ಹಾಗಾಗಿ ಅವು ಲೆಕ್ಕಕ್ಕೇ ಬರಲ್ಲ. ಆಸ್ಪತ್ರೆಗೆ ಹೋಗಿದ್ದಕ್ಕೆ ಬದುಕಿದ ಬೆಕ್ಕುಗಳನ್ನ ತೋರಿಸಿ ಆಸ್ಪತ್ರೆ ಬೇಡ ಅನ್ನೋದು ಯಾವ ನ್ಯಾಯ?

"ನೋವಿದ್ರೆ ಅಳ್ತಿತ್ತು, ಆರಾಮಾಗಿ ಕೂತಿದೆಯಲ್ಲ?" ಬೆಕ್ಕು ನೋವು ಬಚ್ಚಿಡೋ ಪ್ರಾಣಿ. ತನಗಿಂತ ದೊಡ್ಡ ಪ್ರಾಣಿಗಳ ಬಾಯಿಗೆ ಬೀಳೋ ಭಯ ಅದಕ್ಕೂ ಇದೆ. ಕುಂಟೋದನ್ನ ಜಗತ್ತಿಗೆ ತೋರಿಸಿದ್ರೆ ಲಾಭ ಇಲ್ಲ ಅಂತ ಅದಕ್ಕೆ ಗೊತ್ತು. ಅದು ಗುರ್‌ ಗುರ್‌ ಅನ್ನೋದೂ ಬರೀ ಖುಷಿಗಲ್ಲ, ನೋವಲ್ಲೂ ಅನ್ನುತ್ತೆ.

ಹಾಗಾದ್ರೆ ಗೊತ್ತಾಗೋದು ಹೇಗೆ? ಮುಖ ನೋಡಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯೋ ವಿಧಾನ ಪ್ರಕಟಿಸಿದ್ರು. ನೋಡಬೇಕಾದ್ದು ಐದು:
ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆ ಆಗಿದೆಯಾ?
ಕಣ್ಣು ಕಿರಿದಾಗಿದೆಯಾ?
ಮೂತಿ ಬಿಗಿದಿದೆಯಾ?
ಮೀಸೆ ನೆಟ್ಟಗೆ, ಮುಂದಕ್ಕೆ ಚಾಚಿದೆಯಾ?
ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯಾ?
ಒಂದೊಂದಕ್ಕೂ 0, 1 ಅಥವಾ 2 ಅಂಕ. ಹತ್ತಕ್ಕೆ ನಾಲ್ಕು ಅಥವಾ ಜಾಸ್ತಿ ಬಂದ್ರೆ ನೋವಿಗೆ ಚಿಕಿತ್ಸೆ ಬೇಕು ಅಂತ. ಇಂಟರ್ನಲ್ಸಲ್ಲಿ ಅಂಕ ಜಾಸ್ತಿ ಬಂದ್ರೆ ಪಾರ್ಟಿ, ಇಲ್ಲಿ ಜಾಸ್ತಿ ಬಂದ್ರೆ ಆಸ್ಪತ್ರೆ.

5/10
ಸೇವ್ ಮಾಡ್ಕೊಳ್ಳಿ ಅಂತ ನಾನು ಸುಮ್ಮಸುಮ್ನೆ ಹೇಳಲ್ಲ. ಇದೊಂದನ್ನ ಮಾಡ್ಕೊಳ್ಳಿ.

"ಉಳುಕಿರಬೇಕು" ಅನ್ನೋ ಮಾತೇ ಒಂದು ಅಪಾಯ. ಕುಂಟೋದೆಲ್ಲಾ ಉಳುಕಲ್ಲ. ಉಳುಕು ಅಂದ್ರೆ ಕೀಲಿನ ಲಿಗಮೆಂಟ್ ಅಥವಾ ಸ್ನಾಯು ಜಗ್ಗಿರೋದು, ಒಳಗೆ ರಕ್ತ ಕಟ್ಟಿ ಊದಿರೋದು. ಸಣ್ಣ ಉಳುಕಲ್ಲಿ ಬೆಕ್ಕು ಕುಂಟಿದ್ರೂ ಕಾಲನ್ನ ಸ್ವಲ್ಪ ಊರುತ್ತೆ, ತಿನ್ನುತ್ತೆ, ಮಾತಾಡ್ಸಿದ್ರೆ ತಿರುಗಿ ನೋಡುತ್ತೆ.

ಮೊದಲು ಪಾದ ನೋಡಿ. ಮುಳ್ಳು, ಗಾಜಿನ ಚೂರು, ಬೆರಳಿಗೆ ಸುತ್ತಿದ ದಾರ ಅಥವಾ ಕೂದಲು, ಬೆಳೆದು ಬಾಗಿ ಚುಚ್ಚಿದ ಉಗುರು. ಎಷ್ಟೋ ಸಲ ಇಷ್ಟೇ ಇರುತ್ತೆ.

ಬೀದಿ ಬೆಕ್ಕಾದ್ರೆ ಜಗಳದ ಗಾಯ ಹುಡುಕಿ. ಬೆಕ್ಕಿನ ಹಲ್ಲು ಸೂಜಿ ಥರ. ಕಚ್ಚಿದ ತೂತು ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತೆ. ಕೆಲವು ದಿನ ಬಿಟ್ಟು ಬಿಸಿಯಾದ ಗಂಟು, ಜ್ವರ, ಕುಂಟು. ಇದು ರೆಸ್ಟಿಂದ ಹೋಗಲ್ಲ, ಚಿಕಿತ್ಸೆನೇ ಬೇಕು.

ಕೆಳಗಿನ ಯಾವುದು ಕಂಡ್ರೂ "ನಾಳೆ ನೋಡೋಣ" ಇಲ್ಲ:
• ಕಾಲು ವಿಚಿತ್ರ ಕೋನದಲ್ಲಿ ತಿರುಗಿದೆ, ಮೂಳೆ ಕಾಣ್ತಿದೆ, ರಕ್ತ ನಿಲ್ತಿಲ್ಲ.
• ಕಾಲನ್ನ ನೆಲಕ್ಕೆ ತಾಕಿಸ್ತಾನೇ ಇಲ್ಲ.
• ಬಾಯಿ ತೆರೆದು ಉಸಿರಾಡ್ತಿದೆ.
• ಒಸಡು ಬಿಳಿಚಿದೆ ಅಥವಾ ನೀಲಿಯಾಗಿದೆ.
• ಎರಡೂ ಹಿಂಗಾಲು ಒಮ್ಮೆಲೇ ಬಿದ್ದುಹೋಗಿ, ತಣ್ಣಗಾಗಿ, ಬೆಕ್ಕು ಕಿರುಚ್ತಿದೆ. ಇದು ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರೋ ಲಕ್ಷಣ ಇರಬಹುದು.
• ಪದೇ ಪದೇ ಕೂತು ತಿಣುಕ್ತಿದೆ, ಮೂತ್ರ ಬರ್ತಿಲ್ಲ. ಗಂಡು ಬೆಕ್ಕಲ್ಲಿ ಇದು ಪ್ರಾಣಕ್ಕೇ ಬರುತ್ತೆ.
• ಗಾಡಿ ತಾಗಿದೆ ಅಥವಾ ಮಹಡಿಯಿಂದ ಬಿದ್ದಿದೆ. ಹೊರಗೆ ಏನೂ ಕಾಣದಿದ್ರೂ ಸರಿ.

ಇದ್ಯಾವುದೂ ಇಲ್ಲ, ಸಣ್ಣ ಕುಂಟು ಮಾತ್ರ ಅಂದ್ರೂ ಒಂದು ಸಲ ತೋರಿಸಿ. ಬರೀ ಉಳುಕೇ ಅಂತ ಕೈಯಿಂದ ಮುಟ್ಟಿ ಹೇಳಬೇಕಾದೋರು ಅವರು, ಫೋಟೋ ನೋಡಿದ ಫಾಲೋವರ್ಸ್ ಅಲ್ಲ.

6/10
ವೈದ್ಯರು ನೋಡಿ "ಸಣ್ಣ ಉಳುಕು, ರೆಸ್ಟ್ ಕೊಡಿ" ಅಂದ್ರು ಅನ್ಕೊಳ್ಳಿ. ಇಲ್ಲಿಂದ ಮೂರನೇ ಪಾರ್ಟಿ ಹುಟ್ಟುತ್ತೆ: ಸ್ವಾತಂತ್ರ್ಯ ಹೋರಾಟಗಾರರು.

"ಬೆಕ್ಕನ್ನ ಕೂಡಿ ಹಾಕ್ತೀಯಾ? ಕ್ರೌರ್ಯ ಅಲ್ವಾ?" ನಾನು ಬಾಗಿಲು ಮುಚ್ಚಿದ ಫೋಟೋಗೆ ಬಂದಷ್ಟು ಬೈಗುಳ ಯಾವುದಕ್ಕೂ ಬಂದಿಲ್ಲ.

ಕೇಳಿ. ನಿಮಗೆ ಫುಟ್‌ಬಾಲ್ ಆಡಿ ಹಿಮ್ಮಡಿ ಗಂಟು ಉಳುಕಿದ್ರೆ ಡಾಕ್ಟರ್ "ಎರಡು ವಾರ ಗ್ರೌಂಡಿಗೆ ಇಳೀಬೇಡ" ಅಂತಾರೆ. ನಿಮಗೆ ಮಾತು ಅರ್ಥ ಆಗುತ್ತೆ, ಆದ್ರೂ ಐದನೇ ದಿನ ಬ್ಯಾಟ್ ಹಿಡೀತೀರಿ. ಬೆಕ್ಕಿಗೆ ಆ ಮಾತು ಹೇಳೋ ಭಾಷೆ ಯಾವುದು? "ಜಂಪ್ ಮಾಡಬೇಡ ಕಣೇ" ಅಂದ್ರೆ ಕೇಳುತ್ತಾ? ಹಲ್ಲಿ ಕಂಡ್ರೆ ಬೀರು ಮೇಲೆ ಹಾರುತ್ತೆ. ಜಗ್ಗಿದ ಲಿಗಮೆಂಟ್ ಮೇಲೆ ಪೂರ್ತಿ ಮೈಭಾರ ಬೀಳೋದು ಹಾರಿ ಇಳಿಯೋ ಆ ಒಂದು ಕ್ಷಣದಲ್ಲಿ. ಅರ್ಧ ವಾಸಿಯಾಗಿದ್ದು ಮತ್ತೆ ಹರಿದ್ರೆ ಸಣ್ಣ ಉಳುಕು ದೊಡ್ಡದಾಗುತ್ತೆ, ಕೀಲು ಶಾಶ್ವತವಾಗಿ ಸಡಿಲ ಆಗಬಹುದು. ಮುಚ್ಚಿದ ಬಾಗಿಲು ಅಂದ್ರೆ ಬೆಕ್ಕಿಗೆ ಅರ್ಥ ಆಗೋ ಭಾಷೆಯಲ್ಲಿ ಬರೆದ ಪ್ರಿಸ್ಕ್ರಿಪ್ಷನ್.

ಜಾಗ ಹೇಗಿರಬೇಕು? ಹತ್ತಿ ಹಾರೋಕೆ ಏನೂ ಇಲ್ಲದ ಸಣ್ಣ ಕೋಣೆ. ಅಥವಾ ನಾಯಿಗಳ ದೊಡ್ಡ ಪಂಜರ, ಯಾರ ಹತ್ರನಾದ್ರೂ ಎರವಲು ಸಿಗುತ್ತೆ. ಬಳಸದ ಬಾತ್‌ರೂಂ ಆದ್ರೂ ನಡಿಯುತ್ತೆ, ಆದ್ರೆ ನೆಲ ಒಣಗಿರಲಿ, ಬಕೆಟ್ ಖಾಲಿ ಇರಲಿ, ಕ್ಲೀನರ್ ಬಾಟಲಿ ಹೊರಗಿರಲಿ. ಜಾರದಿರೋ ಹಾಗೆ ಹಳೇ ಬೆಡ್‌ಶೀಟ್ ಹಾಸಿ. ಒಂದು ಕಡೆ ನೀರು, ಊಟ. ಇನ್ನೊಂದು ಕಡೆ ಅಂಚು ತಗ್ಗಿರೋ ಅಗಲ ಟ್ರೇನಲ್ಲಿ ಮರಳು. ಅಂಚು ಎತ್ತರ ಇದ್ರೆ ಪ್ರತಿ ಸಲ ಆ ನೋವಿನ ಕಾಲೆತ್ತಿ ದಾಟಬೇಕು. ಒಂದು ರಟ್ಟಿನ ಡಬ್ಬ ಮಲಗಿಸಿಡಿ, ಬಚ್ಚಿಟ್ಕೊಳ್ಳೋಕೆ.

ಮನುಷ್ಯರನ್ನ ಕಂಡ್ರೇ ಆಗದ ಬೀದಿ ಬೆಕ್ಕಾದ್ರೆ ಪಂಜರಕ್ಕೆ ಬಟ್ಟೆ ಹೊದಿಸಿ ಕತ್ತಲೆ ಮಾಡಿ. ಆಗಲೂ ಊಟ ಮುಟ್ಟದೇ, ಬಡಿದಾಡ್ತಾನೇ ಇದ್ರೆ ವೈದ್ಯರಿಗೆ ಹೇಳಿ. ಅಂಥ ಬೆಕ್ಕಿಗೆ ಕೂಡಿಡೋದೇ ಹೆಚ್ಚು ಹಿಂಸೆ ಆಗಬಹುದು. ಅದನ್ನ ಒಪ್ತೀನಿ. ಆದ್ರೆ ಅದನ್ನ ತೀರ್ಮಾನ ಮಾಡಬೇಕಾದ್ದು ಆ ಬೆಕ್ಕನ್ನ ನೋಡಿ, ಕಮೆಂಟ್ ನೋಡಿ ಅಲ್ಲ.

7/10
"ಸರಿ, ಏನೂ ಮಾಡೋದೇ ಬೇಡ್ವಾ ಹಾಗಾದ್ರೆ?" ಮಾಡೋಕೆ ಕೆಲಸ ಇದೆ. ಸಣ್ಣಸಣ್ಣದು, ದಿನಾ ಮಾಡೋದು.

ಐಸ್: ಮೊದಲ ಎರಡು-ಮೂರು ದಿನ, ಬೆಕ್ಕು ಬಿಟ್ರೆ ಮಾತ್ರ. ಐಸ್ ತುಂಡನ್ನ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಟವೆಲ್ ಸುತ್ತಿ, 5ರಿಂದ 10 ನಿಮಿಷ, ದಿನಕ್ಕೆ ಎರಡು-ಮೂರು ಸಲ. ಬರೀ ಐಸ್ ನೇರ ಚರ್ಮಕ್ಕೆ ತಾಗಿಸಬೇಡಿ. ಬೇಡ ಅಂತ ಕಾಲೆಳ್ಕೊಂಡ್ರೆ ಅಲ್ಲಿಗೇ ನಿಲ್ಲಿಸಿ. ಹಿಡಿದು ಒತ್ತಿ ಐಸ್ ಇಡೋಕೆ ಹೋಗಿ ಅದು ಒದ್ದಾಡಿದ್ರೆ ಮಾಡಿದ ಉಪಕಾರಕ್ಕಿಂತ ಅಪಕಾರ ಜಾಸ್ತಿ.

ಬಿಸಿ ಶಾಖ: ಮೊದಲ ದಿನಗಳಲ್ಲಿ ಬೇಡ, ಊತ ಏರುತ್ತೆ. ಆಮೇಲೆ ಬೇಕಾ ಅಂತ ವೈದ್ಯರನ್ನ ಕೇಳಿ.

ಮಾಲೀಶು: ಬೇಡ. ಹೊಸ ಪೆಟ್ಟನ್ನ ತಿಕ್ಕಿದ್ರೆ ಒಳಗಿನ ರಕ್ತಸ್ರಾವ, ಊತ ಎರಡೂ ಜಾಸ್ತಿ.

ಬ್ಯಾಂಡೇಜ್: ಕ್ರೇಪ್ ಬ್ಯಾಂಡೇಜ್ ಸುತ್ತಿ "ಕ್ಯೂಟ್" ಫೋಟೋ ತೆಗೆಯೋರಿಗೆ ವಿಶೇಷ ನಮಸ್ಕಾರ. ಬಿಗಿ ಜಾಸ್ತಿಯಾದ್ರೆ ಕಾಲಿಗೆ ರಕ್ತ ಹೋಗಲ್ಲ, ಪಾದ ಊದುತ್ತೆ, ಕೊಳೆಯೋವರೆಗೂ ಹೋಗಬಹುದು. ವೈದ್ಯರು ಕಟ್ಟಿದ್ರೆ ಇರಲಿ, ನೀವು ಕಟ್ಟಬೇಡಿ.

ಊಟ: ದಿನಾ ಎಷ್ಟು ತಿಂತು ಅಂತ ನೋಡಿ. ಬೆಕ್ಕು ಎರಡು-ಮೂರು ದಿನ ಪೂರ್ತಿ ಉಪವಾಸ ಬಿದ್ರೆ ಲಿವರ್‌ನಲ್ಲಿ ಕೊಬ್ಬು ತುಂಬೋ ಗಂಭೀರ ಕಾಯಿಲೆ ಬರಬಹುದು, ದಪ್ಪ ಬೆಕ್ಕಿಗೆ ಇನ್ನೂ ಜಾಸ್ತಿ. ಒಂದು ದಿನ ಮುಟ್ಟಿಲ್ಲ ಅಂದ್ರೇ ಫೋನ್ ಮಾಡಿ. ಹಾಲು ಸುರಿಯೋದು ನಿಲ್ಲಿಸಿ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣ ಆಗಲ್ಲ, ಭೇದಿ ಆಗುತ್ತೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಅಥವಾ ಬೆಕ್ಕಿನ ಆಹಾರ ಸಾಕು.

ಎತ್ತೋದು: ಕುತ್ತಿಗೆ ಹಿಡಿದು ನೇತಾಡಿಸಬೇಡಿ. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಟವೆಲ್‌ನಲ್ಲಿ ಸುತ್ತಿ ಎತ್ತಿದ್ರೆ ಇಬ್ಬರಿಗೂ ಕ್ಷೇಮ.

ನಿಮ್ಮ ಕ್ಷೇಮದ ಮಾತು. ನೋವಲ್ಲಿರೋ ಎಂಥ ಸಾಧು ಬೆಕ್ಕೂ ಕಚ್ಚುತ್ತೆ, ಪರಚುತ್ತೆ. ಕಚ್ಚಿದ್ರೆ ಹರಿಯೋ ನೀರಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೀರಿ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಏನೂ ಹಾಕಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. "ಬೆಕ್ಕು ತಾನೇ, ನಾಯಿ ಅಲ್ವಲ್ಲ" ಅಂತ ಮನೇಲಿ ಹೇಳ್ತಾರೆ. ಬೆಕ್ಕಿಂದಲೂ ರೇಬಿಸ್ ಬರುತ್ತೆ. ಬಂದ ಮೇಲೆ ಉಳಿಯೋರು ಇಲ್ಲ ಅನ್ನೋಷ್ಟು ಕಡಿಮೆ. ಇಲ್ಲಿ ಧೈರ್ಯ ತೋರಿಸಬೇಡಿ.

8/10
ಮೆಸ್ ಬೆಕ್ಕಿನ ದಿನಚರಿ ಕೇಳ್ತಿದ್ರಲ್ಲ, ಇಲ್ಲಿದೆ. ಇದರಲ್ಲಿ ರೀಲ್ ಆಗೋ ಒಂದು ಕ್ಷಣವೂ ಇಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ.

ದಿನ 1: ಕಾಂಪೌಂಡ್ ಗೋಡೆಯಿಂದ ತಪ್ಪಾಗಿ ಇಳಿದು ಬಲ ಹಿಂಗಾಲು ಕುಂಟು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಪಶು ಆಸ್ಪತ್ರೆಗೆ. ಡಾಕ್ಟರ್ ಸೊಂಟದಿಂದ ಬೆರಳವರೆಗೆ ಒಂದೊಂದೇ ಗಂಟು ಮುಟ್ಟಿ ನೋಡಿದ್ರು. ಮೂಳೆ ಸರಿಯಿದೆ, ಹಿಮ್ಮಡಿ ಹತ್ರ ಊತ. ನೋವಿಗೆ ಇಂಜೆಕ್ಷನ್. ಮೆಸ್ ಅಣ್ಣ ಅಕ್ಕಿ ಮೂಟೆ ಸರಿಸಿ ಸ್ಟೋರ್ ರೂಂ ಬಿಟ್ಟುಕೊಟ್ರು.

ದಿನ 2: ಡಬ್ಬದಿಂದ ಹೊರಗೇ ಬರಲಿಲ್ಲ. ರಾತ್ರಿ ಎರಡು ತುತ್ತು ತಿಂತು. ಐಸ್ ಇಡೋಕೆ ಬಿಡಲಿಲ್ಲ, ಬಿಟ್ಬಿಟ್ಟೆ.

ದಿನ 3: ಊತ ಕಮ್ಮಿ. ಬೆರಳ ತುದಿ ಊರಿ ಟ್ರೇವರೆಗೆ ನಡೀತು.

ದಿನ 5: ಬಾಗಿಲ ಹತ್ರ ಕೂತು ಇಡೀ ರಾತ್ರಿ ಮಿಯಾಂವ್. ಪಕ್ಕದ ರೂಮಿನೋರು ಬಂದು "ವಾಸಿ ಆಯ್ತಲ್ಲ ಮಾರಾಯ, ಬಿಡೋ" ಅಂದ್ರು.

ಈ ಐದನೇ ದಿನದ ಬಗ್ಗೆನೇ ನಾನು ಬಾಯಿ ಬಡ್ಕೊಳ್ತಿರೋದು. ನೋವು ಕಮ್ಮಿ ಆಗೋದು ಬೇಗ, ಜಗ್ಗಿದ ಲಿಗಮೆಂಟ್ ಗಟ್ಟಿಯಾಗೋದು ನಿಧಾನ. ಆ ಮಧ್ಯದ ದಿನಗಳಲ್ಲಿ ಬೆಕ್ಕು ನೋಡೋಕೆ ಚೆನ್ನಾಗಿರುತ್ತೆ, ಒಳಗೆ ಕಾಲು ಇನ್ನೂ ಅರೆಬರೆ. ಎಲ್ಲರೂ ಬಾಗಿಲು ತೆಗೆಯೋದು ಸರಿಯಾಗಿ ಅವತ್ತೇ. ಆಮೇಲೆ "ರೆಸ್ಟ್ ಕೊಟ್ವಿ, ಏನೂ ಉಪಯೋಗ ಆಗ್ಲಿಲ್ಲ" ಅಂತ ಬರೀತಾರೆ. ನಾವು ಬಾಗಿಲು ತೆಗೀಲಿಲ್ಲ. ಪಕ್ಕದ ರೂಮಿನೋರಿಗೆ ಇಯರ್‌ಫೋನ್ ಕೊಟ್ವಿ.

ದಿನ 8: ನಾಲ್ಕೂ ಪಾದ ನೆಲಕ್ಕೆ. ಆದ್ರೂ ಎದ್ದ ತಕ್ಷಣ ಎರಡು ಹೆಜ್ಜೆ ಬಿಗಿ.

ದಿನ 12: ಮತ್ತೆ ಡಾಕ್ಟರ್ ಹತ್ರ. ಕಾಲು ಬಗ್ಗಿಸಿ, ಚಾಚಿಸಿ ನೋಡಿ "ಬಿಡಬಹುದು" ಅಂದ್ರು. ಮೊದಲು ಕೋಣೆಯಿಂದ ಮೆಸ್ ಹಾಲ್, ಎರಡು ದಿನ ಬಿಟ್ಟು ಹೊರಗೆ.

ಎಲ್ಲಾ ಬೆಕ್ಕಿಗೂ ಹನ್ನೆರಡೇ ದಿನ ಅಲ್ಲ. ಕೆಲವಕ್ಕೆ ಒಂದು ವಾರ ಸಾಕು, ಕೆಲವಕ್ಕೆ ತಿಂಗಳು ಮೀರುತ್ತೆ. ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲಾಗ್ತಿದೆಯಾ ಅನ್ನೋದೇ ಲೆಕ್ಕ. ನಿಂತಲ್ಲೇ ನಿಂತ್ರೆ, ಹಿಂದಕ್ಕೆ ಹೋದ್ರೆ, ಮತ್ತೆ ತೋರಿಸಿ.

9/10
ಇನ್ನು ದುಡ್ಡಿನ ವಿಷಯ. ಇದನ್ನ ಹಾರಿಸಿ ಬರೆಯೋದು ಮೋಸ.

"ಹಾಸ್ಟೆಲ್ ಹುಡುಗರು ನಾವು, ತಿಂಗಳ ಕೊನೇಲಿ ಚಹಾಕ್ಕೂ ಕಾಸಿರಲ್ಲ. ಬೀದಿ ಬೆಕ್ಕಿಗೆ ಡಾಕ್ಟರ್ ಅಂತೀಯಲ್ಲ." ಈ ಮಾತಿಗೆ ತೂಕ ಇದೆ. ಆದ್ರೆ ಈ ಸರಣಿ ಪೂರ್ತಿ ಇನ್ನೊಂದು ಸಲ ನೋಡಿ. ಮುಚ್ಚಿದ ಬಾಗಿಲಿಗೆ ಎಷ್ಟು ಖರ್ಚು? ಮರಳಿಗೆ? ಹಳೇ ಬೆಡ್‌ಶೀಟಿಗೆ? ಮಾತ್ರೆ ಕೊಡದೇ ಇರೋದಕ್ಕೆ? ಚಿಕಿತ್ಸೆಯ ದೊಡ್ಡ ಭಾಗ ಪುಕ್ಕಟೆ. ಅದರಲ್ಲಿ ಖರ್ಚಾಗೋದು ನಮ್ಮ ಸಮಯ, ಮತ್ತೆ ನಮಗೆ ನಿಜವಾಗ್ಲೂ ಕೊಡೋಕೆ ಮನಸ್ಸಿಲ್ಲದಿರೋದು ಅದನ್ನೇ.

ಡಾಕ್ಟರ್ ವಿಷಯಕ್ಕೆ ಬಂದ್ರೆ, ಖಾಸಗಿ ಕ್ಲಿನಿಕ್ ಒಂದೇ ದಾರಿ ಅಲ್ಲ. ತಾಲ್ಲೂಕುಗಳಲ್ಲಿ ಪಶುಪಾಲನಾ ಇಲಾಖೆಯ ಪಶು ಆಸ್ಪತ್ರೆ ಇದೆ. ಅಲ್ಲಿ ದನ, ಕುರಿನೇ ಜಾಸ್ತಿ ಬರೋದು ನಿಜ, ಆದ್ರೆ ಬೆಕ್ಕನ್ನ ತಗೊಂಡು ಹೋಗಿ ಕೇಳೋಕೆ ಏನು ಅಡ್ಡಿ? ಇಲಾಖೆಯ ಪಶು ಸಹಾಯವಾಣಿ 1962. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಊರುಗಳಲ್ಲಿ ಓದ್ತಿರೋರು ಒಂದು ಸಲ ಅಲ್ಲಿ ವಿಚಾರಿಸಿ. ನಿಮ್ಮ ಊರಿನ ಪಶು ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ಈಗಲೇ ತಿಳ್ಕೊಳ್ಳಿ. ಬೆಕ್ಕು ಕುಂಟೋದು ಯಾವಾಗಲೂ ಭಾನುವಾರ ಸಂಜೆನೇ.

ಹುಟ್ಟುಹಬ್ಬಕ್ಕೆ ಮುಖಕ್ಕೆ ಬಳಿಯೋ ಕೇಕಿಗೆ ಹತ್ತು ಜನ ದುಡ್ಡು ಹಾಕ್ತೀವಿ. ಅದೇ ಹತ್ತು ಜನ ಒಂದು ಸಲ ಹಾಕಿದ್ರೆ ಬೆಕ್ಕಿನ ಇಂಜೆಕ್ಷನ್ ಮುಗೀತು.

ಇನ್ನೊಂದು ಮಾತು ಬರುತ್ತೆ: "ಮನುಷ್ಯರಿಗೇ ಸರಿಯಾಗಿ ಆಸ್ಪತ್ರೆ ಇಲ್ಲ, ಬೆಕ್ಕಿನ ಚಿಂತೆ ನಿನಗೆ." ಈ ಮಾತು ಹೇಳಿದೋರು ಮನುಷ್ಯರ ಆಸ್ಪತ್ರೆಗಾಗಿ ಏನು ಮಾಡಿದ್ರು ಅಂತ ಕೇಳಿದ್ರೆ ಆನ್‌ಲೈನ್ ಇರೋರು ಆಫ್‌ಲೈನ್ ಆಗ್ತಾರೆ. ಕರುಣೆ ಹಾಸ್ಟೆಲ್ ಸಾಂಬಾರ್ ಅಲ್ಲ, ಒಬ್ಬರಿಗೆ ಬಡಿಸಿದ್ರೆ ಇನ್ನೊಬ್ಬರಿಗೆ ಖಾಲಿ ಆಗೋದಕ್ಕೆ.

10/10
ಕೊನೇದು. ಇಲ್ಲೀವರೆಗೆ ಬಂದಿದ್ದೀರಿ ಅಂದ್ರೆ ನೀವು ಎರಡೂ ಪಾರ್ಟಿ ಬಿಟ್ಟು ಬರೋಕೆ ಅರ್ಧ ಮನಸ್ಸು ಮಾಡಿದ್ದೀರಿ.

ನನ್ನ ಸಿಟ್ಟು ಪ್ರೀತಿ ಮೇಲಲ್ಲ. ಮಾತ್ರೆ ಕಲಸಿ ಕೊಡೋ ಅಂದ ಹುಡುಗಿಗೆ ಬೆಕ್ಕಿನ ಮೇಲೆ ನಿಜವಾಗ್ಲೂ ಪ್ರೀತಿ ಇದೆ, ನನಗೆ ಗೊತ್ತು. ಸಿಟ್ಟು ಏನಂದ್ರೆ, ನಮ್ಮ ತಲೆಮಾರಿನ ಪ್ರೀತಿಗೆ ಕಾಯೋದು ಬರಲ್ಲ. ಅದಕ್ಕೆ ಈಗಲೇ ಏನಾದ್ರೂ ಕೊಡಬೇಕು, ಹಚ್ಚಬೇಕು, ಕಟ್ಟಬೇಕು, ಪೋಸ್ಟ್ ಮಾಡಬೇಕು. ಇಲ್ಲಾಂದ್ರೆ "ನೇಚರ್" ಅಂತ ಹೇಳಿ ಎದ್ದು ಹೋಗಬೇಕು. ಸುಮ್ಮನೆ ಹತ್ತಿರ ಕೂತು, ಇವತ್ತು ಎಷ್ಟು ತಿಂತು, ಕಾಲು ಎಷ್ಟು ಊರ್ತು ಅಂತ ಹನ್ನೆರಡು ದಿನ ನೋಡೋದಕ್ಕೆ ನಾವು ಪ್ರೀತಿ ಅನ್ನಲ್ಲ. ಯಾಕಂದ್ರೆ ಮುಚ್ಚಿದ ಬಾಗಿಲಿಗೆ ವ್ಯೂಸ್ ಬರಲ್ಲ.

ಉಳುಕಿದ ಕಾಲಿಗೆ ವಾಸಿಯಾಗೋದು ಗೊತ್ತು. ಅದು ತನ್ನ ಕೆಲಸ ಮಾಡೋವರೆಗೆ ಮಧ್ಯ ಬರದೇ, ಕೈಬಿಡದೇ ಇರೋದು ನಮಗೆ ಗೊತ್ತಿಲ್ಲ. ಕಲಿಯೋಣ.

ಹಾಗಾಗಿ ಇಷ್ಟು ಕೇಳ್ತೀನಿ.

ಒಂದು: ಇವತ್ತು ನಿಮ್ಮ ಮನೆ ಗ್ರೂಪಲ್ಲಿ, ಕ್ಲಾಸ್ ಗ್ರೂಪಲ್ಲಿ ಒಂದೇ ಸಾಲು ಹಾಕಿ: "ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ." ಈ ಸರಣಿಯಲ್ಲಿ ಬೇರೆಲ್ಲಾ ಮರೆತ್ರೂ ಇದು ಉಳಿಯಲಿ.

ಎರಡು: ಕುಂಟೋ ಬೆಕ್ಕಿನ ವಿಡಿಯೋ ಯಾರಾದ್ರೂ ಹಾಕಿದ್ರೆ ಅಳೋ ಇಮೋಜಿ ಬೇಡ. "ಡಾಕ್ಟರ್‌ಗೆ ತೋರಿಸಿದ್ರಾ? ಎಲ್ಲಿ ಇಟ್ಟಿದ್ದೀರಾ? ಊಟ ಮಾಡ್ತಾ?" ಅಂತ ಮೂರು ಪ್ರಶ್ನೆ ಕೇಳಿ. ಉತ್ತರ ಇಲ್ಲ ಅಂದ್ರೆ ಆ ವಿಡಿಯೋ ಶೇರ್ ಮಾಡಬೇಡಿ, ಆ ಬೆಕ್ಕಿರೋ ಜಾಗ ಕೇಳಿ.

ಮೂರು: ನಿಮ್ಮ ಕಾಲೇಜಲ್ಲಿ, ಬೀದಿಯಲ್ಲಿ ಒಂದು ಖಾಲಿ ಕೋಣೆ, ಒಂದು ಪಂಜರ, ಒಂದು ಡಬ್ಬ ಯಾರ ಹತ್ರ ಇದೆ ಅಂತ ಪಟ್ಟಿ ಮಾಡಿಡಿ. ಬೇಕಾದಾಗ ಹುಡುಕೋಕೆ ಹೊತ್ತಿರಲ್ಲ.

ನನ್ನ ಜೊತೆ ಜಗಳ ಆಡೋರು ಕಮೆಂಟಿಗೆ ಬನ್ನಿ, ಸ್ವಾಗತ. ಅರ್ಧ ಮಾತ್ರೆ ಕೊಟ್ಟೂ ನಮ್ಮ ಬೆಕ್ಕು ಬದುಕಿತು ಅನ್ನೋರೂ ಬನ್ನಿ. ಅದು ನಿಮ್ಮ ಔಷಧಿಯಿಂದ ಬದುಕಿದ್ದಲ್ಲ, ನಿಮ್ಮ ಔಷಧಿಯಿಂದ ತಪ್ಪಿಸ್ಕೊಂಡು ಬದುಕಿದ್ದು.

ಉಳಿದೋರು ಬಾಗಿಲು ಮುಚ್ಚಿ, ಫೋನ್ ಜೇಬಲ್ಲಿಡಿ, ದಿನ ಎಣಿಸಿ.

#ಕುಂಟೋಬೆಕ್ಕು #ಅರ್ಧಮಾತ್ರೆಬೇಡ #ಬಾಗಿಲುಮುಚ್ಚಿದಿನಎಣಿಸಿ